ಪೇಂಟ್ ಆದ ಮೇಲೆ ಪದ್ಮಿನಿಯ ದೀಪ ಮಂಕು: ವೈರಿಂಗ್ ಪೂರ್ತಿ ಬದಲಿಸಬೇಕಾ?

ಪ್ರಶ್ನೆ: ಸರ್, ನಮ್ಮದು 1981ರ ಪ್ರೀಮಿಯರ್ ಪದ್ಮಿನಿ. ಮಾವನವರು ಕೊಂಡ ಕಾರು. ಈಗ ನಾನೇ ಓಡಿಸುತ್ತೇನೆ, ಹೆಚ್ಚಾಗಿ ಭಾನುವಾರ ಹನುಮಂತನಗರದ ಸುತ್ತಮುತ್ತ. ಬ್ಯಾಟರಿ ಚಾರ್ಜಿಗೆ ಹಳೆಯ ಡೈನಮೋನೇ ಇದೆ. ಕೆಲವು ತಿಂಗಳಿಂದ ಹೆಡ್‌ಲೈಟ್ ತುಂಬಾ ಮಂಕು. ಸಿಗ್ನಲ್‌ನಲ್ಲಿ ನಿಂತರೆ ಇನ್ನೂ ಮಂಕು. ರಾತ್ರಿ ಹದಿನೈದು ನಿಮಿಷ ಓಡಿಸಿದರೆ ಬಲಗಡೆ ಹೆಡ್‌ಲೈಟ್ ಆರಿಹೋಗುತ್ತದೆ. ಡಿಮ್ ಬ್ರೈಟ್ ಎರಡೂ ಇರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಬರುತ್ತದೆ. ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಮಿಣುಕುತ್ತದೆ, ಬ್ರೇಕ್ ತುಳಿದರೆ ಇಂಡಿಕೇಟರ್ ನಿಂತೇ ಹೋಗುತ್ತದೆ. ಬಲ್ಬ್ ಬದಲಾಯಿಸಿ ಆಯ್ತು. ಒಬ್ಬ ಎಲೆಕ್ಟ್ರಿಷಿಯನ್ ಪೂರ್ತಿ ವೈರಿಂಗ್ ಹೊಸದು ಹಾಕಬೇಕು ಅನ್ನುತ್ತಾರೆ. ಇನ್ನೊಬ್ಬರು ಎಲ್‌ಇಡಿ ಹಾಕಿಬಿಡಿ ಅನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದಾಗ ಎಲ್ಲಾ ಚೆನ್ನಾಗಿಯೇ ಇತ್ತು. ಏನು ಮಾಡಲಿ?

ಉತ್ತರ: ಮೇಡಂ, ವೈರಿಂಗ್ ಪೂರ್ತಿ ಕಿತ್ತು ಹಾಕಿಸಬೇಡಿ. ಈಗಂತೂ ಬೇಡವೇ ಬೇಡ. ಎಲ್‌ಇಡಿ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೀಪದ ಬಗ್ಗೆ ನೀವು ಬರೆದಿದ್ದೆಲ್ಲ ಸರಿ. ಆದರೆ ನನ್ನ ಕಣ್ಣು ನಿಂತಿದ್ದು ಕೊನೆಯಲ್ಲಿ ಸುಮ್ನೆ ಸೇರಿಸಿದ ಪೇಂಟಿಂಗ್ ಮಾತಿನ ಮೇಲೆ. ಹಳೆಯ ಕಾರಿನಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಹೋಗುವ ದಾರಿ ಮಾತ್ರ ವೈರು. ವಾಪಸ್ ಬರುವ ದಾರಿ ಕಾರಿನ ಬಾಡಿಯೇ. ಹೋಲ್ಡರ್ ತಗಡಿಗೆ ಕೂತಿರುತ್ತದೆ, ತಗಡು ಬಾಡಿಗೆ, ಬಾಡಿ ಬ್ಯಾಟರಿಯ ಮೈನಸ್‌ಗೆ. ಗ್ಯಾರೇಜಿನಲ್ಲಿ ಅರ್ತ್ ಅನ್ನುವುದು ಇದಕ್ಕೇ. ಈಗ ಪೇಂಟಿಂಗ್ ಶೆಡ್ಡಿನಲ್ಲಿ ಏನಾಗುತ್ತದೆ ನೋಡಿ. ಲ್ಯಾಂಪುಗಳನ್ನೆಲ್ಲ ಬಿಚ್ಚುತ್ತಾರೆ. ಪುಟ್ಟಿ ಹಚ್ಚಿ ಉಜ್ಜುತ್ತಾರೆ. ಪ್ರೈಮರ್ ಹೊಡೆದು, ಅದರ ಮೇಲೆ ಹಲವು ಕೋಟ್ ಬಣ್ಣ. ಸ್ಕ್ರೂ ತೂತಿನ ಸುತ್ತ, ಅರ್ತ್ ವೈರಿನ ಬೋಲ್ಟ್ ಕೂರುವ ಜಾಗ, ಎಲ್ಲಾ ಕಡೆ ಬಣ್ಣ ಕೂರುತ್ತದೆ. ಪೇಂಟರ್ ಎಷ್ಟು ಶ್ರದ್ಧೆಯಿಂದ ಮಾಡಿದರೆ ಅರ್ತ್ ಅಷ್ಟು ಕೆಡುತ್ತದೆ. ಬಣ್ಣದ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ?

ಹಾಗಿದ್ದರೆ ಶೆಡ್ಡಿನಿಂದ ಬಂದ ದಿನ ದೀಪ ಯಾಕೆ ಉರಿಯಿತು? ವಾಪಸ್ ಜೋಡಿಸುವಾಗ ಸ್ಕ್ರೂ ಎಲ್ಲೋ ಒಂದು ಕಡೆ ಬಣ್ಣ ಕೆರೆದುಕೊಂಡು ತಗಡಿಗೆ ತಾಗಿರುತ್ತದೆ. ಆ ಚೂರು ಜಾಗದಲ್ಲೇ ಎಲ್ಲಾ ಕರೆಂಟೂ ಹಾಯಬೇಕು. ಒಂದು ಮಳೆಗಾಲ ಕಳೆದರೆ ಅಲ್ಲೂ ತುಕ್ಕು ಹಿಡಿಯುತ್ತದೆ. ಬೇಸಿಗೆಯಲ್ಲಿ ಪೇಂಟ್ ಆಗಿ, ಮಳೆ ಮುಗಿದ ಮೇಲೆ ದೀಪ ಕೈಕೊಡುವುದು ಹೀಗೆ.

ಮೊದಲು ಹಿಂದಿನ ದೀಪ ಹಿಡಿಯೋಣ. ಅದರಲ್ಲಿ ಅನುಮಾನಕ್ಕೆ ಜಾಗ ಕಮ್ಮಿ. ಒಂದು ದೀಪ ಹಾಕಿದರೆ ಸಂಬಂಧವಿಲ್ಲದ ಇನ್ನೊಂದು ದೀಪ ಅಲ್ಲಾಡಿದರೆ ಅದು ಅರ್ತ್ ಕೆಟ್ಟಿರುವ ಗುರುತು. ಹಿಂದಿನ ಲ್ಯಾಂಪಿನಲ್ಲಿ ಸಾಮಾನ್ಯವಾಗಿ ಇಂಡಿಕೇಟರ್ 21 ವ್ಯಾಟ್, ಬ್ರೇಕ್ 21 ವ್ಯಾಟ್, ಟೇಲ್, ಅಂದರೆ ಹಿಂದಿನ ಕೆಂಪು ದೀಪ, 5 ವ್ಯಾಟ್. ಮೂರರ ಕರೆಂಟೂ ಒಂದೇ ತಗಡಿನ ಮೂಲಕ ಬಾಡಿಗೆ ಇಳಿಯಬೇಕು. ಆ ತಗಡು ಬಾಡಿಗೆ ಸರಿಯಾಗಿ ತಾಗದಿದ್ದರೆ ಇಂಡಿಕೇಟರಿನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಪಕ್ಕದ ಟೇಲ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಟೇಲ್ ವೈರ್ ಹಿಡಿದು ಬಲಗಡೆ ಟೇಲ್ ಲ್ಯಾಂಪು, ನಂಬರ್ ಪ್ಲೇಟ್ ಲ್ಯಾಂಪು, ಮೀಟರ್ ಬೋರ್ಡಿನ ಲ್ಯಾಂಪು, ಎಲ್ಲಿ ಅರ್ತ್ ಸಿಗುತ್ತದೋ ಅಲ್ಲಿ ಇಳಿಯುತ್ತದೆ. ಪಾರ್ಕಿಂಗ್ ಲೈಟ್ ಆಫ್ ಮಾಡಿ, ಎಡಗಡೆ ಇಂಡಿಕೇಟರ್ ಹಾಕಿ, ಕತ್ತಲಲ್ಲಿ ಮೀಟರ್ ಬೋರ್ಡ್ ನೋಡಿ. ಅದೂ ಸಣ್ಣಗೆ ಮಿಣುಕುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಬ್ರೇಕ್ ತುಳಿದಾಗ ಇಂಡಿಕೇಟರ್ ನಿಲ್ಲುವುದಕ್ಕೂ ಇದೇ ಕಾರಣ. ಇಂಡಿಕೇಟರನ್ನು ಮಿಟುಕಿಸುವ ಹಳೆಯ ಫ್ಲ್ಯಾಷರ್ ಒಳಗೆ ಒಂದು ತಂತಿ ಕಾದು ಹಿಗ್ಗಿ, ತಣಿದು ಕುಗ್ಗುತ್ತದೆ. ಅದರಿಂದಲೇ ಟಿಕ್ ಟಿಕ್. ಅದಕ್ಕೆ ಬೇಕಾದಷ್ಟು ಕರೆಂಟ್ ಹರಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕೆಟ್ಟ ಅರ್ತ್ ಮೇಲೆ ಬ್ರೇಕಿನ 21 ವ್ಯಾಟ್ ಬಂದು ಕೂತರೆ ಇಂಡಿಕೇಟರಿಗೆ ಉಳಿಯುವುದು ಸ್ವಲ್ಪ. ಫ್ಲ್ಯಾಷರ್ ಕೆಟ್ಟಿದೆ ಅಂತ ಹೊಸದು ತಂದರೆ ದುಡ್ಡು ದಂಡ.

ಖಾತ್ರಿ ಮಾಡಿಕೊಳ್ಳಲು ಐದು ನಿಮಿಷದ ಕೆಲಸ ಒಂದಿದೆ. ಕಾರಿನ ಮುಂದಿನಿಂದ ಹಿಂದಕ್ಕೆ ಮುಟ್ಟುವಷ್ಟು ಉದ್ದದ ವೈರ್ ತಗೊಳ್ಳಿ. ಎರಡೂ ತುದಿಗೆ ಮೊಸಳೆ ಕ್ಲಿಪ್ ಹಾಕಿ. ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ಹಿಂದಿನ ಹೋಲ್ಡರಿನ ಬರೀ ಲೋಹಕ್ಕೆ. ಇಂಡಿಕೇಟರ್ ಹಾಕಿ ಬ್ರೇಕ್ ತುಳಿಯಿರಿ. ಎಲ್ಲಾ ದೀಪ ತಮ್ಮ ಪಾಡಿಗೆ ಸರಿಯಾಗಿ ಉರಿದರೆ ರೋಗ ಸಿಕ್ಕಿತು. ಈ ವೈರ್ ಎಸೆಯಬೇಡಿ, ಹೆಡ್‌ಲೈಟಿಗೂ ಬೇಕು.

ಇನ್ನು ರಿಪೇರಿ. ಕೆಂಪು ಗಾಜಿನ ಸ್ಕ್ರೂಗಳನ್ನು ಬಿಚ್ಚಿ. ಬಹುತೇಕ ಹಳೆಯ ಕಾರುಗಳಲ್ಲಿ ಅದರ ಹಿಂದಿನ ರಬ್ಬರ್ ಬೀಡಿಂಗ್ ಒಣಗಿ ಚಕ್ಕುಲಿಯ ಹಾಗೆ ಪಟ್ ಅಂತ ಮುರಿಯುತ್ತದೆ. ನೀರು ಒಳಗೆ ಬಂದಿದ್ದು ಅಲ್ಲಿಂದಲೇ. ಒಳಗಿನ ತಗಡಿನ ಹೊಳಪು ಹೋಗಿರುತ್ತದೆ, ಹೋಲ್ಡರಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿರುತ್ತದೆ. ಬಲ್ಬನ್ನು ಒತ್ತಿ ತಿರುಗಿಸಿ ತೆಗೆಯಿರಿ. ಅದರ ಬುಡದಲ್ಲಿ ಎರಡು ಸೀಸದ ಚುಕ್ಕೆ ಕಾಣುತ್ತವೆ. ಅವು ಚಪ್ಪಟೆಯಾಗಿ ಗುಳಿ ಬಿದ್ದಿದ್ದರೆ ಕೆಳಗಿನ ಸ್ಪ್ರಿಂಗ್ ಸರಿಯಾಗಿ ಒತ್ತುತ್ತಿಲ್ಲ. ಬಲ್ಬಿನ ಪಕ್ಕದ ಎರಡು ಮೊಳೆಗಳನ್ನೂ ಗಮನಿಸಿ. ಬ್ರೇಕ್ ಮತ್ತು ಟೇಲ್ ಎರಡೂ ಇರುವ 21/5 ಬಲ್ಬಿನಲ್ಲಿ ಒಂದು ಮೊಳೆ ಮೇಲೆ, ಒಂದು ಕೆಳಗೆ ಇರುತ್ತದೆ. ಉಲ್ಟಾ ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ. ಆದರೂ ಹೋಲ್ಡರ್ ಸವೆದಿದ್ದರೆ ಜನ ಬಲವಂತವಾಗಿ ತಿರುಗಿಸಿ ಕೂರಿಸಿಬಿಡುತ್ತಾರೆ. ಆಗ ಟೇಲ್ ಜೋರಾಗಿ, ಬ್ರೇಕ್ ಮಂಕಾಗಿ ಉರಿಯುತ್ತದೆ. ಇನ್ನೂ ಕೆಟ್ಟದ್ದು ಅಂದರೆ ಒಂದೇ ಚುಕ್ಕೆಯ ಬಲ್ಬನ್ನು ಅಲ್ಲಿ ತುರುಕುವುದು. ಆ ಒಂದು ಚುಕ್ಕೆ ಹೋಲ್ಡರಿನ ಎರಡೂ ಪಾಯಿಂಟನ್ನು ಸೇರಿಸಿಬಿಡುತ್ತದೆ, ಬ್ರೇಕ್ ತುಳಿದರೆ ಕಾರಿನ ಪಾರ್ಕಿಂಗ್ ಲೈಟೆಲ್ಲ ಹತ್ತಿಕೊಳ್ಳುತ್ತದೆ. ಬಲ್ಬ್ ಬದಲಿಸಿದ್ದೇವೆ ಅಂತ ಬರೆದಿದ್ದೀರಲ್ಲ, ಇದನ್ನೂ ಒಮ್ಮೆ ನೋಡಿಬಿಡಿ.

ಹೋಲ್ಡರಿನ ಒಳಗನ್ನು ಸಣ್ಣ ಉಪ್ಪುಕಾಗದ ಸುತ್ತಿದ ಪೆನ್ಸಿಲಿನಿಂದ ಉಜ್ಜಿ, ಹಿತ್ತಾಳೆ ಹೊಳೆಯುವವರೆಗೆ. ಹೋಲ್ಡರ್ ತಗಡಿಗೆ ರಿವೆಟ್ ಆಗಿದ್ದರೆ ಆ ರಿವೆಟ್ಟೂ ಸಡಿಲವಾಗಿರಬಹುದು. ಅದಕ್ಕೆ ಬರೀ ಉಜ್ಜಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಹೋಲ್ಡರಿನ ಲೋಹಕ್ಕೇ ಒಂದು ಕಪ್ಪು ವೈರ್ ಬೆಸುಗೆ ಹಾಕಿಸಿ. ಅದರ ಇನ್ನೊಂದು ತುದಿಗೆ ಉಂಗುರದ ಲಗ್ ಒತ್ತಿಸಿ, ಡಿಕ್ಕಿಯ ಒಳಗೆ ಬಣ್ಣ ಕೆರೆದ ಜಾಗದಲ್ಲಿ ಬೋಲ್ಟ್ ಮಾಡಿಸಿ. ಹಲ್ಲಿನ ವಾಷರ್ ಹಾಕಿದರೆ ಅದು ಲೋಹಕ್ಕೆ ಕಚ್ಚಿ ಹಿಡಿಯುತ್ತದೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಹೊಸ ಪೇಂಟ್ ಕೆರೆಯಲು ಹೊಟ್ಟೆ ಉರಿಯುತ್ತದೆ, ಗೊತ್ತು. ಡಿಕ್ಕಿಯ ಒಳಗೆ, ಮ್ಯಾಟ್ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸಾಕು, ಯಾರಿಗೂ ಕಾಣುವುದಿಲ್ಲ. ಎಡಕ್ಕೆ ಮಾಡಿದ್ದನ್ನೇ ಬಲಕ್ಕೂ ಮಾಡಿ.

ಈಗ ಆರಿ ಆರಿ ಬರುವ ಬಲಗಡೆ ಹೆಡ್‌ಲೈಟ್. ಡಿಮ್ ಬ್ರೈಟ್ ಎರಡೂ ಹೋಗುತ್ತದೆ ಅಂದಿದ್ದೀರಿ. ಒಳ್ಳೆಯ ಸುಳಿವು ಕೊಟ್ಟಿದ್ದೀರಿ. ಹೆಡ್‌ಲೈಟ್ ಬಲ್ಬಿನಲ್ಲಿ ಎರಡು ಫಿಲಮೆಂಟ್. ಡಿಮ್‌ಗೆ ಒಂದು ವೈರ್, ಬ್ರೈಟ್‌ಗೆ ಇನ್ನೊಂದು ವೈರ್. ಎರಡೂ ಒಟ್ಟಿಗೆ ಕೈಕೊಡಬೇಕಾದರೆ ಎರಡಕ್ಕೂ ಸೇರಿದ ಜಾಗದಲ್ಲೇ ತೊಂದರೆ ಇರಬೇಕು. ಅದು ಮೂರನೆಯ ಪಿನ್, ಅಂದರೆ ಅರ್ತ್. ಎಡಗಡೆ ದೀಪ ಉರಿಯುತ್ತಲೇ ಇರುವುದರಿಂದ ಮೇನ್ ಸ್ವಿಚ್, ಡಿಪ್ಪರ್ (ಡಿಮ್ ಬ್ರೈಟ್ ಬದಲಿಸುವ ಸ್ವಿಚ್) ಎರಡೂ ನಿರಪರಾಧಿಗಳು. ಡಿಮ್ ಮಾತ್ರ ಹೋಗಿ ಬ್ರೈಟ್ ಇದ್ದಿದ್ದರೆ ನಾನು ಫ್ಯೂಸ್ ಕಡೆ ನೋಡುತ್ತಿದ್ದೆ. ಹದಿನೈದು ನಿಮಿಷ ಯಾಕೆ ಅಂದರೆ, ಸಡಿಲ ಜೋಡಣೆಯಲ್ಲಿ ಕರೆಂಟ್ ಹರಿದರೆ ಅಲ್ಲಿ ಬಿಸಿಯಾಗುತ್ತದೆ. ಬಿಸಿಗೆ ಲೋಹ ಹಿಗ್ಗಿ ಇದ್ದ ಸಂಪರ್ಕವೂ ಬಿಡುತ್ತದೆ. ತಣ್ಣಗಾದ ಮೇಲೆ ಮತ್ತೆ ಅಂಟಿಕೊಳ್ಳುತ್ತದೆ.

ದೀಪ ಆರಿದ ತಕ್ಷಣ ಬಾನೆಟ್ ಎತ್ತಿ ವೈರ್ ಅಲ್ಲಾಡಿಸಬೇಡಿ, ಲ್ಯಾಂಪಿಗೆ ತಟ್ಟಲೂಬೇಡಿ. ತಟ್ಟಿದರೆ ಹತ್ತಿಕೊಳ್ಳುತ್ತದೆ, ಎಲ್ಲಿ ಬಿಟ್ಟಿತ್ತು ಅನ್ನುವುದು ತಿಳಿಯದೇ ಹೋಗುತ್ತದೆ. ಮೆಕ್ಯಾನಿಕ್ ಮುಂದೆ ಮಾತ್ರ ಕಾರು ಸರಿ ಇರುವುದಕ್ಕೆ ಅರ್ಧ ಕಾರಣ ಇದೇ. ಮನೆಯ ಮುಂದೆ ನಿಲ್ಲಿಸಿ, ಲ್ಯಾಂಪಿನ ರಿಮ್ ಮೊದಲೇ ಬಿಚ್ಚಿಟ್ಟು, ಎಂಜಿನ್ ಸ್ವಲ್ಪ ರೇಸಿನಲ್ಲಿಟ್ಟು ದೀಪ ಹಾಕಿಕೊಂಡು ಕಾಯಿರಿ. ಆರಿದ ಮೇಲೆ ಆ ಉದ್ದ ವೈರನ್ನು ಬ್ಯಾಟರಿ ಮೈನಸ್‌ನಿಂದ ತಂದು ಬಲ್ಬಿನ ಅರ್ತ್ ಪಿನ್ನಿಗೆ ಮೆಲ್ಲಗೆ ಮುಟ್ಟಿಸಿ. ಹತ್ತಿಕೊಂಡರೆ ಅರ್ತ್. ಹತ್ತದಿದ್ದರೆ ಟೆಸ್ಟ್ ಲ್ಯಾಂಪಿನಿಂದ (ವೈರ್ ಹಾಕಿದ ಸಣ್ಣ ಬಲ್ಬ್) ಉಳಿದೆರಡು ಪಿನ್ನಿಗೆ ಕರೆಂಟ್ ಬರುತ್ತಿದೆಯಾ ನೋಡಿ.

ಬಲ್ಬಿನ ಹಿಂದಿನ ಮೂರು ಪಿನ್ನಿನ ಹೋಲ್ಡರನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಒಳಗಿನ ಹಿತ್ತಾಳೆ ನೀಲಿಯಾಗಿದ್ದರೆ ಅದು ಸುಟ್ಟ ಗುರುತು. ಒಮ್ಮೆ ಹೀಗೆ ಕಾದ ಹಿತ್ತಾಳೆಗೆ ಸ್ಪ್ರಿಂಗ್ ಗುಣ ಹೋಗಿಬಿಡುತ್ತದೆ. ಇಕ್ಕಳದಿಂದ ಬಿಗಿ ಮಾಡಿದರೂ ಮತ್ತೆ ಸಡಿಲವಾಗುತ್ತದೆ. ಹೊಸ ಹೋಲ್ಡರ್ ಹಾಕಿ, ಸೆರಾಮಿಕ್ ಸಿಕ್ಕರೆ ಅದನ್ನೇ ತಗೊಳ್ಳಿ. ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಫಿಯಟ್ಟಿನದು (ಪದ್ಮಿನಿಯ ಹಳೆಯ ಹೆಸರು) ಅಂತ ಬಾಯಲ್ಲಿ ಹೇಳಿದರೆ ಏನೋ ಒಂದು ಕೊಟ್ಟು ಕಳಿಸುತ್ತಾರೆ.

ಮಂಕು ಬೆಳಕಿನ ವಿಷಯಕ್ಕೆ ಬರೋಣ. ಇಲ್ಲಿ ಒಂದು ಮಲ್ಟಿಮೀಟರ್ ಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಅಗ್ಗದ್ದೇ ಸಾಕು. ಆದರೆ ಬಳಸುವ ಕ್ರಮ ಗೊತ್ತಿರಬೇಕು. ಬಹಳ ಜನ ಹೋಲ್ಡರನ್ನು ಬಲ್ಬಿನಿಂದ ಕಿತ್ತು, ವೈರಿನಲ್ಲಿ 12 ವೋಲ್ಟ್ ತೋರಿಸಿದರೆ ವೈರ್ ಚೆನ್ನಾಗಿದೆ ಅಂತ ತೀರ್ಮಾನಿಸುತ್ತಾರೆ. ಹಾಗಲ್ಲ. ವೈರಿನ ಎಳೆಗಳೆಲ್ಲ ಕತ್ತರಿಸಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ. ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದೇ ವೈರಿನಿಂದ ಬಲ್ಬ್ ಉರಿಸಲು ಹೋದರೆ ವೋಲ್ಟೇಜ್ ಕುಸಿಯುತ್ತದೆ. ಓಮ್, ಅಂದರೆ ವೈರಿನ ತಡೆ, ಅಳೆಯುವುದೂ ದಂಡ. ಹಳೆಯ ಮಾದರಿಯ 45/40 ವ್ಯಾಟ್ ಬಲ್ಬ್ ಎರಡು ಬ್ರೈಟಿನಲ್ಲಿ ಉರಿದರೆ ಸುಮಾರು 7.5 ಆಂಪಿಯರ್. ಆ ಕರೆಂಟ್ ಹಾಯುವ ದಾರಿಯಲ್ಲಿ 0.1 ಓಮ್ ಇದ್ದರೂ ಮುಕ್ಕಾಲು ವೋಲ್ಟ್ ಹೋಯಿತು. ಸಾಧಾರಣ ಮೀಟರಿನ ಪ್ರೋಬ್ ವೈರಿನಲ್ಲೇ ಅಷ್ಟು ಓಮ್ ಇರುತ್ತದೆ, ಇನ್ನು ಅದು ಏನು ಹೇಳೀತು?

ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಬ್ಯಾಟರಿ ಚಾರ್ಜ್ ಮಾಡಿಸಿ, ಎಂಜಿನ್ ಆಫ್ ಇಟ್ಟು ಬ್ರೈಟ್ ಹಾಕಿ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಮೊದಲ ಅಳತೆ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ. ಎರಡನೆಯದು ಬಲ್ಬಿನ ಬ್ರೈಟ್ ಪಿನ್ ಮತ್ತು ಅರ್ತ್ ಪಿನ್ ನಡುವೆ, ಹೋಲ್ಡರ್ ಹಿಂದಿನಿಂದ ಪ್ರೋಬ್ ತೂರಿಸಿ. ಇವೆರಡರ ವ್ಯತ್ಯಾಸವೇ ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಎಲ್ಲಿ ಸೋರಿತು ಅಂತ ತಿಳಿಯಲು ಇನ್ನೆರಡು ಅಳತೆ. ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ತ್ ಪಿನ್‌ಗೆ ಒಂದು. ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಬ್ರೈಟ್ ಪಿನ್‌ಗೆ ಇನ್ನೊಂದು. ಅರ್ತ್ ಕಡೆ 0.2 ವೋಲ್ಟಿಗಿಂತ ಜಾಸ್ತಿ ಇರಬಾರದು. ಪ್ಲಸ್ ಕಡೆ ಹಳೆಯ ಕಾರಿಗೆ ಅರ್ಧ ವೋಲ್ಟಿನವರೆಗೆ ಕ್ಷಮಿಸಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಬ್ಯಾಟರಿಯಲ್ಲಿ 12.2 ಇದ್ದು ಬಲ್ಬಿನಲ್ಲಿ 10.4 ಸಿಕ್ಕಿತು ಅನ್ನಿ. 1.8 ವೋಲ್ಟ್ ತಾನೇ, ಏನು ಮಹಾ ಅನ್ನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನಲ್ಲಿ ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತದೆ. 10.4 ವೋಲ್ಟಿಗೆ ನಿಮಗೆ ಸಿಗುವುದು ಸಿಗಬೇಕಾದ್ದರಲ್ಲಿ ಶೇಕಡ 60ರಷ್ಟು ಬೆಳಕು ಮಾತ್ರ, ಅದೂ ಹಳದಿ. ಬೆಳಕು ಹಳದಿಗೆ ತಿರುಗಿದೆ ಅಂದರೆ ವೋಲ್ಟೇಜ್ ಬರುತ್ತಿಲ್ಲ ಅಂತಲೇ. ಬೆಳಕು ಬಿಳಿಯಾಗಿಯೇ ಇದ್ದು ರಸ್ತೆಗೆ ಮಾತ್ರ ಬೀಳುತ್ತಿಲ್ಲ ಅಂದರೆ ಒಳಗಿನ ರಿಫ್ಲೆಕ್ಟರ್ ಕಪ್ಪಾಗಿದೆ. ಅದಕ್ಕೆ ಲ್ಯಾಂಪೇ ಬದಲಿಸಬೇಕು, ಎಲೆಕ್ಟ್ರಿಷಿಯನ್ ಏನೂ ಮಾಡಲಾರ.

ಅರ್ತ್ ಕಡೆ ಜಾಸ್ತಿ ಬಂದರೆ ಮುಂದಿನ ಎರಡೂ ಲ್ಯಾಂಪಿನಿಂದ ಕಪ್ಪು ವೈರ್ ಎಳೆದು ಒಂದೇ ಕಡೆ, ಬಣ್ಣ ಕೆರೆದು ಬೋಲ್ಟ್ ಮಾಡಿಸಿ. ಬ್ಯಾಟರಿ ಮೈನಸ್ ಪಟ್ಟಿ ಬಾಡಿಗೆ ಸೇರುವ ಜಾಗವನ್ನೂ ಬಿಚ್ಚಿ ಉಜ್ಜಿ. ಅಲ್ಲೂ ಪೇಂಟ್ ಕೂತಿರುವ ಸಾಧ್ಯತೆ ಜಾಸ್ತಿ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಹೆಣೆದ ತಾಮ್ರದ ಪಟ್ಟಿ ಇದೆಯಾ ನೋಡಿಬಿಡಿ. ಎಂಜಿನ್ ಇಳಿಸಿ ಹತ್ತಿಸಿದವರು ಅದನ್ನು ವಾಪಸ್ ಹಾಕಲು ಮರೆಯುವುದು ಹೊಸದೇನಲ್ಲ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಿರಿ, ನೀರು ಬ್ಯಾಟರಿಯ ಒಳಗೆ ಹೋಗದ ಹಾಗೆ. ಸ್ಪ್ಯಾನರ್ ಹಿಡಿಯುವ ಮೊದಲು ಚಿನ್ನದ ಬಳೆ, ಉಂಗುರ, ಸ್ಟೀಲ್ ವಾಚು ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬಳೆ ಪ್ಲಸ್ಸಿಗೂ ಬಾಡಿಗೂ ತಾಗಿದರೆ ನೂರಾರು ಆಂಪಿಯರ್ ಹರಿದು ಕೈ ಸುಡುತ್ತದೆ.

ಪ್ಲಸ್ ಕಡೆ ಜಾಸ್ತಿ ಬಂದರೆ ಮೊದಲು ಫ್ಯೂಸ್ ಬಾಕ್ಸ್. ಈ ಕಾಲದ ಕಾರುಗಳಲ್ಲಿ ಎರಡು ತುದಿ ಚೂಪಾದ ಸೆರಾಮಿಕ್ ಫ್ಯೂಸ್ ಇರುತ್ತದೆ, ಮೇಲೆ ಲೋಹದ ಪಟ್ಟಿ. ಬಿಳಿಯದು 8 ಆಂಪಿಯರ್, ಕೆಂಪು 16. ಅದನ್ನು ಹಿಡಿದಿರುವ ಹಿತ್ತಾಳೆ ಕ್ಲಿಪ್ ಸಡಿಲವಾದರೆ ಫ್ಯೂಸ್ ಸುಡುವುದಿಲ್ಲ, ಸುಮ್ಮನೆ ಬಿಸಿಯಾಗುತ್ತದೆ. ಹೆಡ್‌ಲೈಟ್ ಹತ್ತು ನಿಮಿಷ ಉರಿಸಿ, ಆಫ್ ಮಾಡಿ, ಫ್ಯೂಸ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳಿಡಲು ಆಗದಿದ್ದರೆ ಕ್ಲಿಪ್ಪಿಗೆ ಕಿಲುಬು. ಉಜ್ಜಿ, ಕ್ಲಿಪ್ ಒಳಕ್ಕೆ ಬಾಗಿಸಿ, ಹೊಸ ಫ್ಯೂಸ್ ಹಾಕಿ. ಸೆರಾಮಿಕ್ಕೇ ಕೇಳಿ ತಗೊಳ್ಳಿ. ಪ್ಲಾಸ್ಟಿಕ್ ಮೈಯವು ಬಿಸಿಗೆ ಕರಗಿ ಬಾಗುತ್ತವೆ. ಸಿಗರೇಟ್ ಪ್ಯಾಕಿನ ಜರಿ ಕಾಗದ ಸುತ್ತಿದ ಫ್ಯೂಸ್ ಏನಾದರೂ ಕಂಡರೆ ಆ ಕ್ಷಣವೇ ಕಿತ್ತೆಸೆಯಿರಿ, ಅದು ಕಾರು ಸುಡುವ ಕೆಲಸ.

ಫ್ಯೂಸ್ ಆದ ಮೇಲೂ ನಷ್ಟ ಉಳಿದರೆ ಅದು ಸ್ವಿಚ್ ಮತ್ತು ಡಿಪ್ಪರಿನ ಪಾಯಿಂಟುಗಳಲ್ಲಿ, ಉದ್ದದ ತೆಳು ವೈರಿನಲ್ಲಿ. ಬ್ಯಾಟರಿಯಿಂದ ಹೊರಟ ಕರೆಂಟ್ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ ಸುತ್ತಿ, ಮತ್ತೆ ಮುಂದಕ್ಕೆ ಹೋಗಬೇಕು. 1 ಚದರ ಮಿಲಿಮೀಟರ್ ತಾಮ್ರದ ವೈರ್ ನಾಲ್ಕು ಮೀಟರ್ ಇದ್ದರೆ 7.5 ಆಂಪಿಯರಿಗೆ ಅರ್ಧ ವೋಲ್ಟ್ ಅಲ್ಲೇ ಖರ್ಚು. ಇದಕ್ಕೆ ಮದ್ದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು, ನಾಲ್ಕು ಪಿನ್ನಿನವು. ಬ್ಯಾಟರಿ ಪ್ಲಸ್‌ನಿಂದ 2.5 ಚದರ ಮಿಲಿಮೀಟರಿನ ವೈರ್, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ನೇ ಪಿನ್ನಿನಿಂದ ಲ್ಯಾಂಪಿಗೆ. ಮೊದಲು ಲ್ಯಾಂಪಿಗೆ ಹೋಗುತ್ತಿದ್ದ ಹಳೆಯ ವೈರ್ 86ಕ್ಕೆ, 85 ಅರ್ತಿಗೆ. ಈಗ ಹಳೆಯ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯಲು ಬೇಕಾದ ಕಾಲು ಆಂಪಿಯರಿಗಿಂತ ಕಮ್ಮಿ ಕರೆಂಟ್ ಮಾತ್ರ. ಪದ್ಮಿನಿಗೆ ಈಗ ಒಳ್ಳೆಯ ಸ್ವಿಚ್ ಹುಡುಕುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳಿ. ಮನೆ ವೈರಿಂಗಿನ ಒಂಟಿ ಗಟ್ಟಿ ತಂತಿ ಹಾಕಲು ಬಿಡಬೇಡಿ. ಕಾರಿನ ಅದುರಾಟಕ್ಕೆ ಅದು ತುಂಡಾಗುತ್ತದೆ. ಹಲವು ಎಳೆಯ ಆಟೋ ಕೇಬಲ್ಲೇ ಬೇಕು.

ಸಿಗ್ನಲ್‌ನಲ್ಲಿ ಇನ್ನೂ ಮಂಕಾಗುವುದು ಬೇರೆ ವಿಷಯ. ಅದು ರೋಗವಲ್ಲ, ಡೈನಮೋದ ಸ್ವಭಾವ. ಎಂಜಿನ್ ನಿಧಾನಕ್ಕೆ ತಿರುಗುವಾಗ ಡೈನಮೋ ಚಾರ್ಜ್ ಕೊಡುವುದೇ ಇಲ್ಲ ಅನ್ನಬಹುದು. ಮೀಟರ್ ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಸಣ್ಣಗೆ ಹತ್ತುತ್ತದೆ, ಕಾರಿನ ದೀಪಗಳೆಲ್ಲ ಬ್ಯಾಟರಿ ಮೇಲೆ ಬೀಳುತ್ತವೆ. ಈ ಕಾರು ವಿನ್ಯಾಸವಾದ ಕಾಲದಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಇರಲಿಲ್ಲ. ಎಂಜಿನ್ ರೇಸ್ ಮಾಡಿದಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬಂದರೆ ಡೈನಮೋ, ಅದರ ಚಾರ್ಜ್ ನಿಯಂತ್ರಿಸುವ ಕಟೌಟ್ ಎರಡೂ ಚೆನ್ನಾಗಿವೆ. 13 ದಾಟದಿದ್ದರೆ ಡೈನಮೋ ಬ್ರಷ್, ಬೆಲ್ಟ್, ಕಟೌಟ್ ತೋರಿಸಿ. ಭಾನುವಾರ ಮಾತ್ರ ಗಾಂಧಿ ಬಜಾರಿಗೆ ಹೋಗಿ ಬರುವ ಕಾರಿಗೆ ಬ್ಯಾಟರಿ ತುಂಬುವ ಅವಕಾಶವೇ ಸಿಗುವುದಿಲ್ಲ. ಕಾರು ರಾತ್ರಿಯಿಡೀ ನಿಂತ ಮೇಲೆ ಬ್ಯಾಟರಿ 12.6ರ ಹತ್ತಿರ ಇರಬೇಕು. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ತಿಂಗಳಿಗೊಮ್ಮೆ ಚಾರ್ಜರ್ ಹಾಕಿ.

ಇದೇ ಕಾರಣಕ್ಕೆ 100/90 ವ್ಯಾಟಿನ ಬಲ್ಬ್ ಹಾಕಿಸಬೇಡಿ. ಎರಡು ಬ್ರೈಟ್ ಸೇರಿ ಹದಿನಾರು ಹದಿನೇಳು ಆಂಪಿಯರ್. ಆ ಕಾಲದ ಡೈನಮೋ ಚೆನ್ನಾಗಿ ಓಡುವಾಗ ಕೊಡುವುದೇ 20ರ ಆಸುಪಾಸು. ಎಲ್‌ಇಡಿಯನ್ನು ಹಿಂದಿನ ಟೇಲ್ ಲ್ಯಾಂಪಿಗೆ ಹಾಕಿದರೆ ನನ್ನ ತಕರಾರಿಲ್ಲ. ಇಂಡಿಕೇಟರಿಗೆ ಹಾಕಿದರೆ ಹಳೆಯ ಫ್ಲ್ಯಾಷರ್ ಮಿಟುಕುವುದಿಲ್ಲ, ಅದನ್ನೂ ಬದಲಿಸಬೇಕು. ಹೆಡ್‌ಲೈಟಿಗೆ ಬೇಡ. ಆ ರಿಫ್ಲೆಕ್ಟರ್ ಮಾಡಿದ್ದು ಫಿಲಮೆಂಟ್ ಕೂರುವ ಜಾಗದ ಲೆಕ್ಕದಲ್ಲಿ. ಎಲ್‌ಇಡಿ ಚಿಪ್ ಆ ಜಾಗದಲ್ಲಿ ಕೂರುವುದಿಲ್ಲ, ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನಿಂದ ಬರುವ ಸ್ಕೂಟರಿನವರ ಕಣ್ಣಿಗೆ ಹೊಡೆಯುತ್ತದೆ. ಅದೂ ಅಲ್ಲದೆ ಎಲ್‌ಇಡಿಗೆ ಕರೆಂಟ್ ಕಮ್ಮಿ ಸಾಕು. ಕೆಟ್ಟ ಅರ್ತ್ ಇದ್ದರೂ ಅದು ಉರಿದುಬಿಡುತ್ತದೆ. ರೋಗ ಒಳಗೇ ಇರುತ್ತದೆ.

ವೈರಿಂಗ್ ನಿಜವಾಗಿ ಬದಲಿಸಬೇಕಾದ ಕಾರುಗಳೂ ಇವೆ. ವೈರ್ ಬಾಗಿಸಿದರೆ ಮೇಲಿನ ಪ್ಲಾಸ್ಟಿಕ್ ಬಿರಿದು ತಾಮ್ರ ಕಂಡರೆ, ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟುಗಳು ಸಾಲುಸಾಲಾಗಿ ಇದ್ದರೆ, ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ಇಲಿ ಕಡಿದಿದ್ದರೆ. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಮೂಲ ಹೊದಿಕೆ ಚೆನ್ನಾಗಿದ್ದರೆ ಮುಟ್ಟಿಸಬೇಡಿ. ನಿಮ್ಮ ತೊಂದರೆ ಅರ್ತಿನಲ್ಲಿದ್ದರೆ ಪೂರ್ತಿ ಹೊಸ ವೈರಿಂಗ್ ಹಾಕಿಸಿದರೂ ಹೋಲ್ಡರ್ ಅದೇ ಪೇಂಟಿನ ಮೇಲೆ ಕೂರುತ್ತದೆ, ದೀಪ ಹಾಗೇ ಮಿಣುಕುತ್ತದೆ.

ಇದನ್ನು ಓದುವ ತೀರಾ ಹಳೆಯ ಬ್ರಿಟಿಷ್ ಮೂಲದ ಕಾರಿನವರಿಗೆ ಒಂದು ಮಾತು. ಅಂಥ ಕೆಲವು ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಮೇಲಿನ ಅಳತೆಗಳಲ್ಲಿ ಪ್ಲಸ್ ಮೈನಸ್ ಅದಲುಬದಲು ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ ಫ್ಲ್ಯಾಷರ್, ಎಲ್‌ಇಡಿ ಹಾಕುವ ಮೊದಲು ಖಂಡಿತ ಪರೀಕ್ಷಿಸಿ, ಉಲ್ಟಾ ಕೊಟ್ಟರೆ ಕೆಲಸ ಮಾಡುವುದಿಲ್ಲ, ಸುಟ್ಟೂ ಹೋಗಬಹುದು.

ಎಲ್ಲಾ ಆದ ಮೇಲೆ ಬೆಳಕಿನ ಎತ್ತರ ಸರಿ ಮಾಡಿಸಿ. ಪೇಂಟಿಗೆ ಬಿಚ್ಚಿದ ಲ್ಯಾಂಪ್ ಮೊದಲಿನ ಕೋನದಲ್ಲಿ ಕೂತಿರುವುದಿಲ್ಲ. ಸಮ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ. ಲ್ಯಾಂಪಿನ ನಡುಮಧ್ಯ ಎಷ್ಟು ಎತ್ತರದಲ್ಲಿದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಗೆರೆ ಎಳೆಯಿರಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಹಿಂದಿನ ಸೀಟಿನಲ್ಲಿ ಯಾವಾಗಲೂ ಜನ ಇರುತ್ತಾರೆ ಅಂದರೆ ಇನ್ನೂ ಒಂದೆರಡು ಸೆಂಟಿಮೀಟರ್ ಇಳಿಸಿ.

ಮೊದಲು ಹಿಂದಿನ ಎರಡು ಅರ್ತ್, ಆಮೇಲೆ ಮುಂದಿನ ಅರ್ತ್ ಮತ್ತು ಬಲಗಡೆ ಹೋಲ್ಡರ್. ಇಷ್ಟು ಮಾಡಿ ಮತ್ತೆ ಅಳೆಯಿರಿ. ಆಗಲೂ ಮಂಕು ಹೋಗದಿದ್ದರೆ ಎರಡೂ ಲ್ಯಾಂಪಿನ ಆ ನಾಲ್ಕು ಅಳತೆಗಳನ್ನು ಬರೆದು ಕಳಿಸಿ, ರಿಲೇ ಬೇಕಾ ಬೇಡವಾ ಹೇಳುತ್ತೇನೆ.